ಹಮೀದಾಬೇಗಂ ಓದಿದ ಭುಜಗಳು

ನಡೆಯುವಾಗ ಡಾಕ್ಟರ್ ಹಮೀದಾಬೇಗಂ ಅವರ ಬಲಗೈ ಮಾತ್ರ ಬೀಸುತ್ತಿತ್ತು. ಎಡಗೈ ಪಕ್ಕೆಗೆ ಒರಗಿಕೊಂಡು, ಮೊಣಕೈಯಿಂದ ಕೆಳಗಷ್ಟೇ ಜೀವ ಇರುವಂತೆ, ಮಾತು ಬಂದಾಗ ಬೆರಳುಗಳನ್ನು ಆಡಿಸಿ ಮತ್ತೆ ಸುಮ್ಮನಾಗುತ್ತಿತ್ತು. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಅವರನ್ನು ದೂರದಿಂದ ಕಂಡವರಿಗೆ, ಕಣ್ಣಿಗೆ ಕಾಣದ ಕೊಡವೊಂದನ್ನು ಕಂಕುಳಲ್ಲಿಟ್ಟು ತುಳುಕದಂತೆ ತರುತ್ತಿರುವ ಹೆಂಗಸಿನಂತೆ ತೋರುತ್ತಿದ್ದರು. ಆ ಕೊಡದಲ್ಲಿ ಏನಿತ್ತೆಂಬುದು ನನಗೆ ತಿಳಿದದ್ದು ಅವರಲ್ಲಿ ಕೆಲಸಕ್ಕೆ ಸೇರಿ ಬಹಳ ದಿನಗಳಾದ ಮೇಲೆ.

ನಾನು ಬಿ.ಎಸ್ಸಿ. ಮುಗಿಸಿ, ಎಕ್ಸ್-ರೇ ತೆಗೆಯುವ ಡಿಪ್ಲೊಮಾವನ್ನೂ ಮಾಡಿಕೊಂಡು ಅವರ ಎಕ್ಸ್-ರೇ ಕೇಂದ್ರಕ್ಕೆ ಬಂದೆ. ಚಿತ್ತಾಪುರದಿಂದ ಬೆಳಗಿನ ಪ್ಯಾಸೆಂಜರಿಗೆ ಹತ್ತಿ, ವಾಡಿಯಲ್ಲಿ ಇಳಿದು ಚಹಾ ಕುಡಿದು, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಶಹಾಬಾದ್ ಮುಟ್ಟುವುದು ನನ್ನ ದಿನಚರಿ. ನನ್ನ ಹೆಸರು ಅಣವೀರ ಎಂದು ಅವರಿಗೆ ಗೊತ್ತಿತ್ತು. ಆದರೆ ಮೊದಲ ವಾರದಲ್ಲೇ ನಾನು ಯಾವುದೋ ಪ್ರಶ್ನೆಗೆ ಪಠ್ಯಪುಸ್ತಕದ ಉತ್ತರ ಕೊಟ್ಟೆನೆಂದು 'ಏ ಬಿಎಸ್ಸಿ' ಎಂದು ಕರೆಯಲಾರಂಭಿಸಿದವರು ಕಡೆಯವರೆಗೂ ಹಾಗೆಯೇ ಕರೆದರು. ಅದರಲ್ಲಿ ಚೇಷ್ಟೆ ಎಷ್ಟು, ಅಕ್ಕರೆ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಈಗಲೂ ಆಗುವುದಿಲ್ಲ.

ಅವರ ಕೋಟನ್ನು ಮರೆಯುವ ಹಾಗಿಲ್ಲ. ಬೂದು ಬಣ್ಣದ ಉಣ್ಣೆಯ ಕೋಟು, ಮೊಣಕಾಲಿನವರೆಗೆ ಇಳಿಯುವಂಥದು, ಮೇ ತಿಂಗಳಿನಲ್ಲೂ ಅವರ ಮೈಮೇಲೆ ಇರುತ್ತಿತ್ತು. ಹೊರಗೆ ಕಲ್ಲಿನ ಗಣಿಗಳು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿದ್ದರೆ, ಒಳಗೆ ಯಂತ್ರದ ಕೋಣೆಯಲ್ಲಿ ಏಸಿಯ ಚಳಿ. ಬೆವರೊರೆಸಿಕೊಳ್ಳುತ್ತ ಬಂದ ಸೇಡಂ ಕಡೆಯ ಮುದುಕರೊಬ್ಬರು ಅದನ್ನು ನೋಡಿ, "ಬೇಗಂ ಸಾಹೇಬರಿಗಿ ಥಂಡಿಜ್ವರ ಬಂದದೇನ್ರಿ?" ಎಂದು ಕೇಳಿದ್ದರು.

"ಇಲ್ಲಿ ಮಶೀನಿಗಿ ಸೆಕಿ ಆಗಬಾರ್ದು, ಡಾಕ್ಟರಿಗಿ ಥಂಡಿ ಆದ್ರ ನಡೀತದ" ಎಂದು ಅವರು ನಗದೆ ಉತ್ತರಿಸಿದ್ದರು.

ಆ ಕೋಟು ಹಾಕಿಕೊಳ್ಳುವಾಗ ಅವರು ಯಾವಾಗಲೂ ಎಡದ ತೋಳನ್ನು ಮೊದಲು ತೂರಿಸುತ್ತಿದ್ದರು. ತೆಗೆಯುವಾಗ ಎಡದ ತೋಳು ಕಡೆಗೆ. ಭುಜ ಹಿಡಿದುಕೊಂಡ ಪ್ರತಿಯೊಬ್ಬರಿಗೂ ಇದೇ ಪಾಠ: "ಹಾಕ್ಕೋಬೇಕಾದ್ರ ಬ್ಯಾನಿ ಕೈ ಮೊದಲ, ತಗೀಬೇಕಾದ್ರ ಬ್ಯಾನಿ ಕೈ ಕಡೀಗಿ. ಅಂಗಿಗೂ ಇದೇ, ಕುಬಸಕ್ಕೂ ಇದೇ." ರೋಗಿ ಅಂಗಿ ಬಿಚ್ಚುವುದನ್ನು ಗಮನಿಸದೆ ಎಕ್ಸ್-ರೇ ಫೋಟೊ ತೆಗೆದರೆ ನನಗೆ ಬೈಗುಳ ಕಾದಿರುತ್ತಿತ್ತು. ಯಾವ ಗುಂಡಿಗೆ ಕೈ ಹೋಗಲಿಲ್ಲ, ಎಲ್ಲಿ ಮುಖ ಕಿವುಚಿತು, ಹೆಗಲನ್ನೇ ಕಿವಿಯವರೆಗೆ ಎತ್ತಿ ಕೈ ಎತ್ತಿದಂತೆ ತೋರಿಸಿದರೇ ಎಂಬ ಇವನ್ನೆಲ್ಲ ನಾನು ಅವರಿಗೆ ಮೊದಲು ಹೇಳಬೇಕು, ಆಮೇಲೆ ಫಿಲ್ಮು ಕೊಡಬೇಕು. ಅವಸರ ಮಾಡಿದರೆ "ತಡೀ, ತಡೀ" ಎನ್ನುವರು. 'ತಡೀ' ಎಂಬುದು ಅವರ ಬಾಯಲ್ಲಿ ಉಸಿರಿನಷ್ಟು ಸಹಜವಾಗಿತ್ತು. ಚಹಾ ಕೊಟ್ಟರೂ ತಡೀ, ಫೋನು ಬಂದರೂ ತಡೀ, ಕರೆಂಟು ಹೋದರೆ ಕತ್ತಲಿಗೂ ಒಮ್ಮೆ ತಡೀ ಎಂದದ್ದನ್ನು ಕೇಳಿದ್ದೇನೆ.

ನಮ್ಮ ಕಡೆಯ ಜನರಿಗೆ ಫೋಟೊ ಎಂದರೆ ಬರೀ ಪರೀಕ್ಷೆಯಲ್ಲ. ಕೆಲವರಿಗೆ ಅದೇ ಔಷಧ. "ಹೋದ ಸಲ ಫೋಟೊ ಹೊಡಸಿದಾಗ ಎಂಟು ದಿನ ಭಾಳ ಆರಾಮಿತ್ರಿ, ಇನ್ನೊಂದು ಹೊಡೀರಿ" ಎಂದು ಕಾಳಗಿಯಿಂದ ಬಸ್ಸಿನಲ್ಲಿ ಬಂದವರಿದ್ದರು. ಇನ್ನು ಕೆಲವರಿಗೆ ಅದು ಪಂಚಾಯತಿಯ ತೀರ್ಪು. ಫಿಲ್ಮನ್ನು ಮನೆಗೊಯ್ದು ಅಂಗಳದಲ್ಲಿ ಸೂರ್ಯನಿಗೆ ಹಿಡಿಯುತ್ತಾರೆ. ಮನೆಯ ಹಿರಿಯರು, ಎದುರು ಮನೆಯವರು, ದಾರಿಯಲ್ಲಿ ಹೋಗುವವರು ಎಲ್ಲರೂ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎಲುಬು ಬೆಳ್ಳಗೆ, ನೆಟ್ಟಗೆ, ಸೀಳಿಲ್ಲದೆ ಕಂಡರೆ "ಸಾಫ್ ಅದ" ಎಂದು ತೀರ್ಮಾನ. ಫಿಲ್ಮು ಸಾಫ್ ಇದ್ದಮೇಲೆ ನೋವು ಎಲ್ಲಿಂದ ಬರಬೇಕು? ಅಲ್ಲಿಂದಾಚೆಗೆ ನೋವಿದೆ ಎನ್ನುವವರು ಸುಳ್ಳುಗಾರರು.

ಭುಜ ಬಿಗಿಯುವ ಕಾಯಿಲೆಯಲ್ಲಿ ತೊಂದರೆಯೇ ಇದು. ಕೀಲನ್ನು ಸುತ್ತಿಕೊಂಡಿರುವ ತೆಳುವಾದ ಚೀಲವೊಂದು ಉರಿದು, ದಪ್ಪಗಾಗಿ, ಕುಗ್ಗಿ, ಕೈಯನ್ನು ಎತ್ತಗೊಡದೆ ಹೊರಳಗೊಡದೆ ಹಿಡಿದುಬಿಡುತ್ತದೆ. ಎಕ್ಸ್-ರೇ ತೋರಿಸುವುದು ಎಲುಬನ್ನು. ಆ ಚೀಲ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಈ ಕಾಯಿಲೆಯವರ ಫಿಲ್ಮು ಸಾಮಾನ್ಯವಾಗಿ ನಿರ್ಮಲವಾಗಿಯೇ ಇರುತ್ತದೆ. ಕಾಯಿಲೆ ಇದೆಯೇ ಎಂದು ಹೇಳುವ ಶಕ್ತಿ ಫೋಟೊಕ್ಕಿಲ್ಲ. ಬೇರೆ ಏನೂ ಆಗಿಲ್ಲ ಎಂದು ಹೇಳುವುದಷ್ಟೇ ಅದರ ಕೆಲಸ. ಬೇರೆ ಕಡೆ ಇಂಥ ಫಿಲ್ಮಿನ ಮೇಲೆ 'ನಾರ್ಮಲ್' ಎಂಬ ಒಂದು ಪದ ಬರೆದು ಕಳಿಸುತ್ತಿದ್ದರು. ಹಮೀದಾಬೇಗಂ ಆ ಪದವನ್ನು ಬರೆಯಲು ಒಪ್ಪುತ್ತಿರಲಿಲ್ಲ. 'ಎಲುಬಿನಲ್ಲಿ ದೋಷ ಕಾಣುವುದಿಲ್ಲ. ನೋವಿಲ್ಲವೆಂದು ಇದರ ಅರ್ಥವಲ್ಲ' ಎಂದು ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ, ಇಂಗ್ಲಿಷ್ ವರದಿಯ ಕೆಳಗೆ ಬರೆಯುತ್ತಿದ್ದರು. ರೋಗಿಗಳನ್ನು ಕಳಿಸಿದ ಕೆಲವು ಡಾಕ್ಟರುಗಳು ಇದನ್ನು ನೋಡಿ ನಕ್ಕದ್ದು ಅವರ ಕಿವಿಗೂ ಬಿದ್ದಿತ್ತು. ಅವರು ನಿಲ್ಲಿಸಲಿಲ್ಲ.

ಕಾರಣ ತಿಳಿದದ್ದು ಒಂದು ಮಧ್ಯಾಹ್ನ. ಕರೆಂಟು ಹೋಗಿ, ರೋಗಿಗಳೆಲ್ಲ ಬೇವಿನ ನೆರಳಿಗೆ ಎದ್ದುಹೋಗಿದ್ದರು. ಅವರು ಕೋಟು ಕಳಚುತ್ತಿದ್ದರು, ಎಡದ ತೋಳು ಕಡೆಗೆ. ಮೇಡಂ, ನಿಮ್ಮ ಎಡಗೈಗೆ ಈಗ ನೋವಿದ್ದಂತೆ ಕಾಣುವುದಿಲ್ಲ, ಮತ್ತೆ ಯಾಕೆ ಹೀಗೆ ಎಂದು ನಾನು ಕೇಳಿದೆ.

"ಕೈ ಮರತದ, ನಾ ಮರತಿಲ್ಲ" ಎಂದರು.

ಹಿಂದೊಮ್ಮೆ ಅವರ ಎಡಭುಜ ಬಿಗಿದಿತ್ತು. ಆಗ ಅವರು ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದರು. ತಮ್ಮ ಭುಜದ ಫಿಲ್ಮನ್ನು ತಾವೇ ದೀಪದ ಪೆಟ್ಟಿಗೆಗೆ ಸಿಗಿಸಿ ನೋಡಿದರು, ಸಾಫ್. ಪಕ್ಕದಲ್ಲಿ ನಿಂತಿದ್ದ ಸಹೋದ್ಯೋಗಿ, ಎಲ್ಲ ನಾರ್ಮಲ್ ಇದೆ, ನಿಮಗೆ ವಿಶ್ರಾಂತಿ ಬೇಕಷ್ಟೆ ಎಂದು ನಕ್ಕರಂತೆ. ಮನೆಯಲ್ಲಿ ಜಡೆ ಹೆಣೆದುಕೊಳ್ಳಲು ಬಾರದೆ, ರಾತ್ರಿ ಆ ಮಗ್ಗುಲಿಗೆ ಹೊರಳಲು ಬಾರದೆ ಕುಳಿತಿದ್ದಾಗ ಅತ್ತಿಗೆ ಕೇಳಿದರಂತೆ: ನೀನೇ ಫೋಟೊ ಡಾಕ್ಟರು, ನಿನ್ನ ಫೋಟೊದಾಗ ಏನೂ ಇಲ್ಲ, ಮತ್ತ ಯಾಕ ನಾಟಕ?

"ಅವತ್ತ ನೆನಪಾತು ನೋಡು, ಬಿಎಸ್ಸಿ" ಎಂದರು, ಬೆರಳುಗಳನ್ನು ಮಾತ್ರ ಆಡಿಸುತ್ತ. "ನಾನೂ ಎಷ್ಟ ಮಂದಿಗಿ ನಾರ್ಮಲ್ ಅಂತ ಬರದು ಕಳಿಸೀನಿ. ಅವರೆಲ್ಲ ಮನಿಗಿ ಹೋಗಿ ಏನೇನ ಕೇಳಿರಬೇಕು."

ಕರೆಂಟು ಬಂತು. ಕೋಟು ಮತ್ತೆ ಮೈಮೇಲೆ ಏರಿತು. ಈ ವಿಷಯವನ್ನು ಅವರು ಇನ್ನೊಮ್ಮೆ ಎತ್ತಲಿಲ್ಲ.

ಹಾಗೆಂದು ಅವರು ಯಾರು ಏನು ಹೇಳಿದರೂ ನಂಬುವ ಮೃದು ಹೃದಯದವರೆಂದು ತಿಳಿಯಬಾರದು. ಚಿಂಚೋಳಿ ಕಡೆಯ ನರಸಪ್ಪ ಎಂಬ ರೈತ ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡು ಬಂದಿದ್ದ. ಬಾವಿಯ ಮೋಟರಿನ ಶಾಕ್ ಹೊಡೆದು ಬಿದ್ದಿದ್ದನಂತೆ. ಆಮೇಲಿಂದ ಕೈ ಹೊರಕ್ಕೆ ಹೊರಳುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ, ಸಕ್ಕರೆಯವರಿಗೆ ಭುಜ ಬಿಗಿಯುತ್ತದೆ, ಎಣ್ಣೆ ತಿಕ್ಕಿ ಎಂದು ಯಾರೋ ಕಳಿಸಿದ್ದರು. ಮುಂದಿನಿಂದ ತೆಗೆದ ಫಿಲ್ಮಿನಲ್ಲಿ ನನಗೆ ಏನೂ ಕಾಣಲಿಲ್ಲ. ಅವರು ಮಾತ್ರ ಬಹಳ ಹೊತ್ತು ನೋಡಿ, "ತಡೀ. ಈ ಗುಂಡು ಯಾಕ ಬಲ್ಬಿನಂಗ ಕಾಣ್ತದ?" ಎಂದರು. ಬಗಲಿನ ಕಡೆಯಿಂದ ಇನ್ನೊಂದು ತೆಗೆ ಎಂದರು.

ನರಸಪ್ಪನಿಗೆ ಸಿಟ್ಟು ಬಂತು. "ಒಂದು ಭುಜಕ್ಕ ಎರಡು ಫೋಟೊ ಯಾಕ್ರಿ? ನಾ ಏನ ಕನ್ಯಾ ಏನ್ರಿ, ಮುಂದಿಂದೊಂದು, ಬಾಜೂಕಿಂದೊಂದು ತಗದು ವರನ ಮನಿಗಿ ಕಳಸ್ಲಿಕ್ಕ?"

"ನಿನ್ನ ಯಾವ ವರ ಒಪ್ತಾನಪಾ. ಸುಮ್ಮನ ಕೈ ಎಷ್ಟಾಗ್ತದ ಅಷ್ಟ ಎತ್ತು."

ಬಗಲ ಫೋಟೊದಲ್ಲಿ ತೋಳಿನ ಎಲುಬಿನ ಗುಂಡು ತನ್ನ ಬಟ್ಟಲನ್ನು ಬಿಟ್ಟು ಹಿಂದಕ್ಕೆ ಜಾರಿ ಕುಳಿತದ್ದು ಸ್ಪಷ್ಟವಾಗಿತ್ತು. ಎಣ್ಣೆ ತಿಕ್ಕುವ ಭುಜವಲ್ಲ ಅದು. ಅಂದೇ ಅವನನ್ನು ಕಲಬುರಗಿಯ ಎಲುಬಿನ ಡಾಕ್ಟರರ ಹತ್ತಿರ ಕಳಿಸಿದರು. ಆ ಮೇಲೆ ನನಗೆ ಹೇಳಿದ್ದು ಇಷ್ಟೇ: "ಭುಜ ಬಿಗದದ ಅಂತ ಯಾರರೆ ಹೇಳಿದ್ರ, ಮೊದಲ ಬ್ಯಾರೆ ಏನಿಲ್ಲ ಅಂತ ನೋಡಬೇಕು. ನೋಡಿದ ಮ್ಯಾಲ ನಂಬಬೇಕು. ಎರಡೂ ಮಾಡಬೇಕು."

ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣೆದುರು ಬಂದು ನಿಲ್ಲುವುದು ಮಾತ್ರ ದಂಡೋತಿಯ ದಾನಮ್ಮನ ದಿನ. ತೊಗರಿಯ ರಾಶಿ ನಡೆದಿದ್ದ ಕಾಲ. ಬಾಗಿಲಲ್ಲಿ ಮೂವರು ಬಂದು ನಿಂತರು: ಮುಂದೆ, ಹಳೆಯ ಫಿಲ್ಮನ್ನು ಪೊಲೀಸರು ಮುದ್ದೆಮಾಲು ಹಿಡಿದಂತೆ ಹಿಡಿದುಕೊಂಡ ಅತ್ತೆ ಭೀಮಮ್ಮ, ಹಿಂದೆ, ನೆಲ ನೋಡುತ್ತ ನಿಂತ ಮಗ ಭೀಮಶಾ, ಅವನ ಮರೆಯಲ್ಲಿ ಸೊಸೆ ದಾನಮ್ಮ, ತಲೆಯ ಮೇಲಿನ ಸೆರಗನ್ನು ಎಡಗೈಯಿಂದ ಸರಿಪಡಿಸಿಕೊಳ್ಳುತ್ತ. ಬಲಗೈ ಜೋತುಬಿದ್ದಿತ್ತು.

ಸಾಮಾನ್ಯವಾಗಿ ರೋಗಿಯನ್ನಷ್ಟೇ ಒಳಗೆ ಕರೆಯುವುದು ಪದ್ಧತಿ. ಹಮೀದಾಬೇಗಂ ಅವರದು ಬೇರೆ ರೂಢಿ: ಫಿಲ್ಮು ಯಾರ ಕೈಯಲ್ಲಿದೆಯೋ ಅವರನ್ನು ಮೊದಲು ಕರೆಯುತ್ತಿದ್ದರು. ಭೀಮಮ್ಮನ ಹಿಂದೆಯೇ ಉಳಿದಿಬ್ಬರೂ ಒಳಗೆ ಬಂದರು.

"ಕುಂದ್ರಿ ಭೀಮಮ್ಮ. ಏನಾಗ್ಯಾದ ಹೇಳ್ರಿ."

"ಏನೂ ಆಗಿಲ್ರಿ. ಅದೇ ನಾ ಹೇಳ್ತಿರೋದು" ಎಂದಳು ಭೀಮಮ್ಮ. "ಮಳಿಗಾಲ ಹಿಡದು ಕೈ ಎತ್ತಲಿಕ್ಕ ಬರಲ್ಲ ಅಂತಾಳ. ರೊಟ್ಟಿ ಬಡ್ಯಾಂಗಿಲ್ಲ, ಕೊಡ ಎತ್ತಾಂಗಿಲ್ಲ. ಫೋಟೊ ತಗಸಿದಿವಿ, ಸಾಫ್ ಅದ ಅಂದ್ರು. ಓಣ್ಯಾಗಿನ ಮಂದಿ ಎಲ್ಲಾ ನೋಡ್ಯಾರ. ಎಲುಬು ಒಂದ ಕೂದಲ ಎಳಿ ಸೀಳಿಲ್ಲ. ರಾಶಿಗಿ ಆಳು ಬಂದಾವ, ಅಷ್ಟ ಮಂದಿಗಿ ನಾ ಒಬ್ಬಾಕಿ ರೊಟ್ಟಿ ಬಡೀಲಿಕತ್ತೀನಿ. ನಿಮ್ಮ ಮಶೀನ ಭಾಳ ಛಲೋ ಅದ ಅಂತ ಕೇಳಿ ಬಂದೀವಿ. ಇದ್ರಾಗೂ ಸಾಫ್ ಬಂತಂದ್ರ, ನಾಳಿ ತವರಿಗಿ ಬಿಟ್ಟ ಬರ್ತೀವ್ರಿ. ಕೈ ಆರಾಮ ಆದ ದಿನ ಬರಲಿ."

ತವರು ಕಾಳಗಿಯ ಹತ್ತಿರ. ಅಲ್ಲಿ ಅಣ್ಣನ ಸಂಸಾರ. ಸುಳ್ಳು ಹೇಳಿ ಕೆಲಸ ತಪ್ಪಿಸಿದವಳು ಎಂಬ ಹೆಸರು ಹೊತ್ತು ಆ ಮನೆಯ ಬಾಗಿಲಿಗೆ ಹೋಗುವುದೆಂದರೇನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಭೀಮಶಾ, "ಯವ್ವಾ, ಸಾಕ ಬಿಡು" ಎಂದ. ಆ ದನಿ ಅವನ ಮೀಸೆಯನ್ನು ದಾಟಿ ಹೊರಗೆ ಬರಲಿಲ್ಲ.

ನಾನು ಎರಡೂ ಕಡೆಯ ಫೋಟೊ ತೆಗೆದೆ. ಬಗಲ ಫೋಟೊಕ್ಕೆ ಕೈಯನ್ನು ಸ್ವಲ್ಪ ಸರಿಸಬೇಕಾದಾಗ ದಾನಮ್ಮನ ತುಟಿ ಬಿಳಿಚಿತು. ಫಿಲ್ಮು ತೊಳೆದು ತಂದು ಪೆಟ್ಟಿಗೆಗೆ ಸಿಗಿಸಿದೆ. ಗುಂಡು ಬಟ್ಟಲಲ್ಲಿತ್ತು, ಅಂಚುಗಳು ನಯವಾಗಿದ್ದವು, ಎಲ್ಲಿಯೂ ಸುಣ್ಣ ಕಟ್ಟಿರಲಿಲ್ಲ. ಇಷ್ಟು ಚೊಕ್ಕ ಭುಜವನ್ನು ನಾನು ಅಪರೂಪಕ್ಕೆ ಕಂಡಿದ್ದೆ.

ಭೀಮಮ್ಮ ಎದ್ದು ಹತ್ತಿರ ಬಂದು ನೋಡಿದಳು. ಓಣಿಯಲ್ಲಿ ಫಿಲ್ಮು ನೋಡಿ ಅನುಭವವಾಗಿತ್ತು. "ಸಾಫ್ ಅದಲ್ರಿ?"

"ಸಾಫ್ ಅದ" ಎಂದರು ಹಮೀದಾಬೇಗಂ.

"ಕೇಳಿದೇನಪಾ" ಎಂದಳು ಭೀಮಮ್ಮ ಮಗನಿಗೆ.

"ತಡೀರಿ" ಎಂದು ಹಮೀದಾಬೇಗಂ ಪೆಟ್ಟಿಗೆಯ ದೀಪ ಆರಿಸಿಬಿಟ್ಟರು. ಬೆಳ್ಳಗಿನ ಎಲುಬು ಕಪ್ಪು ಹಾಳೆಯಲ್ಲಿ ಮುಳುಗಿಹೋಯಿತು. ದಾನಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಸಿ, ತಾಟು ಹಿಡಿದವರಂತೆ ಅಂಗೈಗಳನ್ನು ಮುಂದಕ್ಕೆ ಚಾಚಿಸಿದರು. "ಭೀಮಮ್ಮ, ಬರ್ರಿ ಇಲ್ಲಿ. ನಾ ಮುಟ್ಟಲ್ಲ. ನೀವೇ ನೋಡ್ರಿ. ಒಂದು ಕೈಲೆ ಆಕಿ ಮೊಣಕೈ ಹಿಡೀರಿ, ಇನ್ನೊಂದರಲೆ ಮುಂಗೈ. ಬಾಗಿಲಾ ತಗದಂಗ ಹೊರಗ ಹೊಳ್ಳಸ್ರಿ. ಮೊದಲ ಎಡಗೈ. ಆಕಿ ಏನೂ ಮಾಡಾಂಗಿಲ್ಲ, ಎಲ್ಲಾ ನೀವೇ."

ಭೀಮಮ್ಮ ಸಂಶಯದಿಂದಲೇ ಹಿಡಿದಳು. ಎಡಗೈ ಹಗುರವಾಗಿ, ಎಣ್ಣೆ ಹಾಕಿದ ಕದದಂತೆ, ಹೊರಕ್ಕೆ ಹೊರಳಿತು.

"ಈಗ ಬಲಗೈ."

ಬಲಗೈ ಸ್ವಲ್ಪ ಹೊರಳಿ ನಿಂತಿತು. ಭೀಮಮ್ಮ ಇನ್ನಷ್ಟು ಒತ್ತಿದಳು. ಕೈ ಹೊರಳುವ ಬದಲು ದಾನಮ್ಮನ ಮೈಯೇ ಆ ಕಡೆಗೆ ತಿರುಗಿತು. ಅವಳ ಕಣ್ಣಲ್ಲಿ ನೀರು ತುಂಬಿತು.

"ಬಿಗಿ ಹಿಡದಾಳ" ಎಂದಳು ಭೀಮಮ್ಮ, ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಹಿಡದಿದ್ರ ರಟ್ಟಿ ಗಟ್ಟಿ ಆಗಬೇಕು. ಮ್ಯಾಲ ಕೈ ಇಟ್ಟು ನೋಡ್ರಿ."

ಭೀಮಮ್ಮ ಸೊಸೆಯ ತೋಳಿನ ಮೇಲೆ ಅಂಗೈ ಇಟ್ಟಳು. ಹಿಂದೆ ಮುಂದೆ ಒತ್ತಿ ನೋಡಿದಳು. "ಮೆತ್ತಗದ."

"ಮತ್ತ ಯಾರು ಹಿಡದಾರ?"

ಭೀಮಮ್ಮ ಸೊಸೆಯ ಮೊಣಕೈ ಮತ್ತೆ ಹಿಡಿದಳು. ಮತ್ತೊಮ್ಮೆ, ಈ ಸಲ ಬಹಳ ನಿಧಾನವಾಗಿ, ಹೊಳ್ಳಿಸಿದಳು. ಅದೇ ಜಾಗದಲ್ಲಿ ನಿಂತಿತು. ಎಡಗೈಯನ್ನು ಇನ್ನೊಮ್ಮೆ ಹೊಳ್ಳಿಸಿದಳು, ಮತ್ತೆ ಬಲಗೈಗೆ ಬಂದಳು. ಬಾಳೆಲ್ಲ ಹಿಟ್ಟು ನಾದಿದ, ಎಮ್ಮೆ ಹಿಂಡಿದ ಆ ಕೈಗಳಿಗೆ ಬೇಕೆಂದೇ ಬಿಗಿ ಹಿಡಿದದ್ದಕ್ಕೂ ತಾನಾಗಿ ಬಿಗಿದದ್ದಕ್ಕೂ ವ್ಯತ್ಯಾಸ ತಿಳಿಯುತ್ತಿರುವುದನ್ನು ನಾನು ಅವಳ ಮುಖದಲ್ಲಿ ಕಂಡೆ.

"ಒಳಗ ಜಡ್ಡಗಟ್ಟಿದಂಗ ಅದ್ರಿ" ಎಂದಳು ಕೊನೆಗೆ.

"ಹಂಗೇ ಆಗ್ಯಾದ. ಕೀಲಿನ ಸುತ್ತ ಒಂದು ಚೀಲ ಇರ್ತದ, ಅದು ಹಸಿ ತೊಗಲು ಒಣಗಿದಂಗ ಒಣಗಿ ಹಿಡದದ. ಫೋಟೊಕ್ಕ ಎಲುಬು ಕಾಣ್ತದ, ಚೀಲ ಕಾಣಲ್ಲ. ಮಶೀನಿನ ಕಣ್ಣ ಅಷ್ಟೇ. ಹೆದರಬ್ಯಾಡ್ರಿ, ಲಕ್ವಾ ಅಲ್ಲ. ಬಿಡ್ತದ. ಆದ್ರ ವರ್ಷ ಹಿಡೀತದ, ಹೆಚ್ಚೂ ಹಿಡೀಬಹುದು. ಶುಗರ್ ನೋಡಸ್ರಿ. ವ್ಯಾಯಾಮ ಹೇಳಿಕೊಡ್ತಾರ, ಬಿಡದೆ ಮಾಡ್ಲಿ."

"ವರ್ಷಗಟ್ಟಲೆ ಆದ್ರ ರೊಟ್ಟಿ ಯಾರ ಬಡೀಬೇಕ್ರಿ?"

"ಇವನ ಕೈ ಛಂದ ಅವಲ್ಲ" ಎಂದು ಹಮೀದಾಬೇಗಂ ಭೀಮಶಾನ ಕಡೆ ನೋಡಿದರು. "ಬಡೀಲಿಕ್ಕ ಕಲಸ್ರಿ. ಇಲ್ಲಂದ್ರ ಅನ್ನ ಉಣ್ರಿ."

ಭೀಮಶಾ ತನ್ನ ಕೈಗಳನ್ನು ಮೊದಲ ಸಲ ನೋಡುವವನಂತೆ ನೋಡಿಕೊಂಡ. ಭೀಮಮ್ಮನಿಗೆ ನಗು ಬಂದೇಬಿಟ್ಟಿತು. ನಗುತ್ತಲೇ ಅವಳಿಗೆ ಓಣಿಯ ನೆನಪಾಯಿತು. "ಮಂದಿಗಿ ಏನ ಹೇಳ್ಲಿ? ಎಲ್ಲಾರಿಗೂ ಫೋಟೊ ತೋರಸೀನಿ." ಒಂದು ಕ್ಷಣ ಯೋಚಿಸಿ, ತಾನೇ ಉತ್ತರ ಹುಡುಕಿಕೊಂಡಳು: "ಇರಲಿ, ಯಾರರೆ ಕೇಳಿದ್ರ ಹಿಂಗೇ ಕೂಡಿಸಿ ಕೈ ಹೊಳ್ಳಿಸಿ ತೋರಸ್ತೀನಿ."

"ಬ್ಯಾಡ್ರಿ ಅತ್ತಿ" ಎಂದಳು ದಾನಮ್ಮ. ಅವಳು ಅಂದು ಆಡಿದ ಮೊದಲ ಮಾತು ಅದು. "ಓಣಿ ಮಂದಿ ಎಲ್ಲಾ ಹೊಳ್ಳಸಿದ್ರ ಕೈ ಕಿತ್ತೇ ಬರ್ತದ."

ಎಲ್ಲರೂ ನಕ್ಕೆವು. ಪರದೆಯ ಆಚೆ ದಾನಮ್ಮ ಕುಬಸ ಹಾಕಿಕೊಳ್ಳಲು ಹೋದಾಗ ಭೀಮಮ್ಮ ಯಾರೂ ಹೇಳದೆಯೇ ಹಿಂದೆ ಹೋದಳು. "ಬ್ಯಾನಿ ಕೈ ಮೊದಲಂತ, ಕೇಳಿಲ್ಲೇನ? ಈ ಕಡಿ ಕೊಡು" ಎಂಬ ಗದರಿಕೆ ಹೊರಗೆ ಕೇಳಿಸಿತು. ಗದರಿಕೆಯೇ ಅದು, ಆದರೆ ಅವಳು ಹೊರಗೆ ಬಂದಾಗ ಹಳೆಯ ಫಿಲ್ಮು ಕುರ್ಚಿಯ ಮೇಲೆಯೇ ಉಳಿದಿತ್ತು, ಕೈಯಲ್ಲಿ ಸೊಸೆಯ ಕೈಚೀಲ ಇತ್ತು. ತವರಿನ ಮಾತು ಮತ್ತೆ ಬರಲಿಲ್ಲ.

ಮುಂದಿನ ವರ್ಷದ ರಾಶಿಯೂ ಮುಗಿದ ಮೇಲೆ ಅವರು ಮತ್ತೆ ಬಂದರು, ಈ ಸಲ ಭೀಮಮ್ಮನ ಮೊಣಕಾಲಿನ ಫೋಟೊಕ್ಕೆ. ದಾನಮ್ಮನ ಕೈ ಮುಕ್ಕಾಲು ಬಿಟ್ಟಿತ್ತು. ರೊಟ್ಟಿ ಬಡಿಯುತ್ತಾಳೇನು ಎಂದು ಹಮೀದಾಬೇಗಂ ಕೇಳಿದರು. "ಬಡೀತಾಳ್ರಿ. ಮೊದಲಿನಂಗ ಸಪ್ಪಳ ಬರಲ್ಲ" ಎಂದಳು ಭೀಮಮ್ಮ, ಹಾಡುಗಾರ್ತಿಯೊಬ್ಬಳ ಗಂಟಲು ಸ್ವಲ್ಪ ಕೆಟ್ಟದ್ದನ್ನು ಹೇಳುವ ಹಾಗೆ. ಫೋಟೊದಲ್ಲಿ ಮೊಣಕಾಲಿನ ಸವೆತ ಚೆನ್ನಾಗಿಯೇ ಕಂಡಿತು. ಭೀಮಮ್ಮನಿಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದರೆ, ಫಿಲ್ಮನ್ನು ಜೋಪಾನವಾಗಿ ಸುತ್ತಿಸಿಕೊಂಡು ಹೋದಳು.

ಈಗ ನಾನು ಕಲಬುರಗಿಯಲ್ಲಿ ಎಂಆರ್‌ಐ ಯಂತ್ರದ ಮುಂದೆ ಕೂರುತ್ತೇನೆ. ಅಂದು ಕಾಣದಿದ್ದ ಚೀಲ ಇಂದು ಪರದೆಯ ಮೇಲೆ ಕಾಣುತ್ತದೆ. ದಪ್ಪಗಾದದ್ದನ್ನು ಅಳೆಯಲೂ ಬರುತ್ತದೆ. ಕೇಂದ್ರ ಮುಚ್ಚಿದ ಮೇಲೆ ಒಮ್ಮೆ ಹಮೀದಾಬೇಗಂ ಅವರನ್ನು ಇಲ್ಲಿಗೆ ಕರೆದು ತಂದು ಅಂಥದೊಂದು ಭುಜದ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಬಳಗದ ಮದುವೆಯಲ್ಲಿ ಹಳೆಯ ಗೆಳತಿಯನ್ನು ಕಂಡವರ ಹಾಗೆ, "ಅರೆ, ಇಷ್ಟ ದಿನ ಎಲ್ಲಿದ್ದಿ?" ಎಂದು ಪರದೆಗೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಛಂದ ಅದ, ಬಿಎಸ್ಸಿ. ಆದ್ರ ಎಲ್ಲಾರನ್ನೂ ಇದ್ರಾಗ ಮಲಗಸಬ್ಯಾಡ. ಭಾಳ ಮಂದಿಗಿ ಕೈ ಹೊಳ್ಳಸಿದ್ರ ಸಾಕು" ಎಂದರು. ಮರುವರ್ಷ ಅವರು ತೀರಿಕೊಂಡರು. ಅವರ ಕೇಂದ್ರವಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ; ವಾಡಿಯಲ್ಲಿ ಗಾಡಿ ಬದಲಿಸುವಾಗ ಕುಡಿಯುತ್ತಿದ್ದ ಚಹಾದ ರುಚಿಯಂತೆ, ಆ ಕೋಣೆಯ ಚಳಿಯೂ ಈಗ ನೆನಪಿನಲ್ಲಷ್ಟೇ ಸಿಗುತ್ತದೆ.

ಇಂಥವರು ಎಲ್ಲ ಕಸುಬುಗಳಲ್ಲೂ ವಿರಳವಾಗಿ ಇರುತ್ತಾರೆಂದು ನನಗೆ ಅನ್ನಿಸುತ್ತದೆ. ತಮ್ಮ ಉಪಕರಣವನ್ನು ಜೀವದಂತೆ ಜೋಪಾನ ಮಾಡುತ್ತಾರೆ, ಅದರ ಕುರುಡು ಎಲ್ಲಿ ಶುರುವಾಗುತ್ತದೆಂದೂ ಬಲ್ಲರು. ಅದಕ್ಕೆ ಕಾಣದ್ದು ಇಲ್ಲವೇ ಇಲ್ಲ ಎಂದು ಸಾಧಿಸಲು ಹೊರಡುವುದಿಲ್ಲ. ಅನುಮಾನಪಡಬೇಕಾದಲ್ಲಿ ಇನ್ನೊಂದು ಕಡೆಯಿಂದ ನೋಡುತ್ತಾರೆ, ನೋಡಿ ಮುಗಿದ ಮೇಲೆ ಎದುರಿಗಿರುವ ಮನುಷ್ಯರ ಮಾತನ್ನು ಹಿಡಿದುಕೊಳ್ಳುತ್ತಾರೆ. ಅವರಿಗೆ ಪ್ರಶಸ್ತಿಗಳು ಬರುವುದು ಕಡಿಮೆ, ಏಕೆಂದರೆ ಅವರು ಹೊಸದಾಗಿ ಏನನ್ನೂ ಕಂಡುಹಿಡಿದಿರುವುದಿಲ್ಲ. ಇದ್ದದ್ದನ್ನು ಇದೆ ಎಂದಿರುತ್ತಾರೆ. ಅವರು ನಂಬಿದ ಜನ ತಮ್ಮ ತಮ್ಮ ಮನೆಗೆ ಮರಳಿ, ರೊಟ್ಟಿ ಬಡಿದು, ಅತ್ತೆಯೊಡನೆ ಜಗಳವಾಡಿ, ನಗಾಡಿ, ಕಾಲಕ್ರಮೇಣ ತಮ್ಮನ್ನು ನಂಬಿದವರ ಹೆಸರನ್ನೇ ಮರೆಯುತ್ತಾರೆ. ಇಂಥವರಿಗೆ ತಮ್ಮ ಕೆಲಸದ ಬಗ್ಗೆ ಅದಕ್ಕಿಂತ ಬೇರೆ ವರದಿ ಬೇಕಾಗಿರುವುದಿಲ್ಲ.